ಸರಳರೇಖೆ, ವೃತ್ತದ ಲೆಕ್ಕ: ಯಾವ ಸೂತ್ರ ಎಲ್ಲಿ ಹಾಕ್ಬೇಕು ಅಂತ ಗೊತ್ತಾಗದೇ ಇರೋರಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಪಿಯುಸಿ ಮಕ್ಕಳು ನನ್ನ ಹತ್ರ ಪದೇ ಪದೇ ಕೇಳೋ ಪ್ರಶ್ನೆ ಒಂದೇ: ಸೂತ್ರ ಎಲ್ಲಾ ಬಾಯಿಪಾಠ ಬರತ್ತೆ ಸಾರ್, ಆದ್ರೆ ಲೆಕ್ಕ ನೋಡಿದ ತಕ್ಷಣ ಯಾವ್ದು ಹಾಕೋದು ಅಂತ ಹೊಳೆಯಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳೋ ಬದ್ಲು ಒಂದೇ ಕಡೆ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ.

ನಿರ್ದೇಶಾಂಕ ರೇಖಾಗಣಿತ, ಅಂದ್ರೆ ಕೋಆರ್ಡಿನೇಟ್ ಜಾಮಿಟ್ರಿ, ಇದ್ರಲ್ಲಿ ಸೂತ್ರಗಳು ತುಂಬಾ ಇದಾವೆ, ಆದ್ರೆ ಒಳಗಿರೋ ವಿಚಾರ ತುಂಬಾ ಕಮ್ಮಿ. ಎರಡು ಬಿಂದು ಮಧ್ಯೆ ಎಷ್ಟು ದೂರ, ಒಂದು ಬಿಂದುವಿಂದ ಒಂದು ರೇಖೆಗೆ ನೇರವಾಗಿ ಎಷ್ಟು ದೂರ, ಈ ಎರಡು ಸರಿಯಾಗಿ ಕೈಗೆ ಸಿಕ್ಕಿದ್ರೆ ವೃತ್ತದ ಲೆಕ್ಕ ಹೆಚ್ಚುಕಮ್ಮಿ ಎಲ್ಲಾ ಅಲ್ಲಿಗೇ ಬಂದು ನಿಲ್ಲತ್ತೆ. ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ಹೇಳೋದು ಅದನ್ನೇ: ವೃತ್ತ ಮತ್ತು ರೇಖೆ ಒಟ್ಟಿಗೆ ಕಂಡ ಕೂಡ್ಲೇ ಕೇಂದ್ರದಿಂದ ರೇಖೆಗೆ ಲಂಬದೂರ ತೆಗೀರಿ, ಆಮೇಲೆ ಮುಂದಿನ ಮಾತು.

ಬೇಕಾಗಿರೋದು ಇಷ್ಟು

ಗ್ರಾಫ್ ಶೀಟ್, ಪೆನ್ಸಿಲ್, ಸ್ಕೇಲ್, ಕೈವಾರ. ಕ್ಯಾಲ್ಕುಲೇಟರ್ ಬೇಡ, ಪರೀಕ್ಷೇಲೂ ಬಿಡಲ್ಲ. ಫೋನಲ್ಲಿ ಜಿಯೋಜೀಬ್ರಾ ಅಂತ ಉಚಿತ ಆಪ್ ಇದೆ, ಸಮೀಕರಣ ಟೈಪ್ ಮಾಡಿದ್ರೆ ಚಿತ್ರ ಬರತ್ತೆ, ಉತ್ತರ ತಾಳೆ ನೋಡೋಕೆ ತುಂಬಾ ಒಳ್ಳೇದು, ಆದ್ರೆ ಮೊದಲ ಚಿತ್ರ ಕೈಯಲ್ಲೇ ಬರೀರಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ಅಂಥಾ ಹೊತ್ತಲ್ಲೂ ಪೆನ್ಸಿಲ್ ಪೇಪರ್ ಇದ್ರೆ ಈ ಪಾಠ ನಿಲ್ಲಲ್ಲ.

ಹಿಂದಿನ ಪಾಠಗಳಲ್ಲಿ ಪೈಥಾಗರಸ್ ಪ್ರಮೇಯ, ವರ್ಗ ಪೂರ್ಣಗೊಳಿಸೋದು, ವರ್ಗಸಮೀಕರಣ ಬಿಡಿಸೋದು ಗೊತ್ತಿರ್ಬೇಕು. ಇದ್ರಲ್ಲಿ ಯಾವ್ದಾದ್ರೂ ತಡವರಿಸ್ತಿದ್ರೆ ಮೊದ್ಲು ಅದನ್ನ ಸರಿ ಮಾಡ್ಕೊಂಡು ಬನ್ನಿ, ಇಲ್ಲಾಂದ್ರೆ ಇಲ್ಲಿ ಪ್ರತಿ ಸಾಲಲ್ಲೂ ಎಡವ್ತೀರ.

ಇನ್ನೊಂದು. ನಾನು ಎಕ್ಸ್, ವೈ, ಎ, ಬಿ ಅಂತ ಕನ್ನಡದಲ್ಲೇ ಬರೀತೀನಿ, ನೀವು ನಿಮ್ಮ ಪುಸ್ತಕದಲ್ಲಿರೋ ಅಕ್ಷರಗಳನ್ನೇ ನೋಟ್ಸಲ್ಲಿ ಹಾಕ್ಕೊಳ್ಳಿ. ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಮ್ಮಲ್ಲಿ ಓದಿ ಸೈನ್ಸ್ ತಗೊಂಡೋರಿಗೆ ಗಣಿತಕ್ಕಿಂತ ಹೊಸ ಹೆಸರುಗಳೇ ಹೆದರಿಸ್ತವೆ, ಅದಕ್ಕೇ ಎರಡೂ ಹೆಸರು ಜೊತೆಗೆ ಹೇಳ್ತಾ ಹೋಗ್ತೀನಿ.

ಹಂತ 1: ಬಿಂದು ಮತ್ತು ದೂರ

ಅಡಿಕೆ ತೋಟ ನೋಡಿರ್ತೀರಲ್ಲ, 9 ಅಡಿಗೆ 9 ಅಡಿ ಅಂತರದಲ್ಲಿ ಗೆರೆ ಹಿಡಿದು ನೆಟ್ಟಿರ್ತಾರೆ. ಅದೇ ನಿಮ್ಮ ಗ್ರಾಫ್ ಶೀಟ್. ಮೂಲೆಯ ಒಂದು ಮರನ ಮೂಲಬಿಂದು, ಅಂದ್ರೆ (0, 0) ಅನ್ಕೊಳ್ಳಿ. ಅಲ್ಲಿಂದ ಬಲಕ್ಕೆ 3 ಸಾಲು, ಮುಂದಕ್ಕೆ 4 ಸಾಲು ಹೋದ್ರೆ ಸಿಗೋ ಮರ (3, 4). ಮೂಲೆ ಮರದಿಂದ ಅದಕ್ಕೆ ಅಡ್ಡ ಕತ್ತರಿಸ್ಕೊಂಡು ಹೋದ್ರೆ ಎಷ್ಟು ದೂರ? 9 + 16 = 25, ವರ್ಗಮೂಲ 5, ಅಂದ್ರೆ 5 ಯೂನಿಟ್, ಒಂದು ಯೂನಿಟ್ 9 ಅಡಿ ಆದ್ರೆ 45 ಅಡಿ. ದೂರದ ಸೂತ್ರ ಅಂದ್ರೆ ಇಷ್ಟೇ: ಎಕ್ಸ್‌ಗಳ ವ್ಯತ್ಯಾಸದ ವರ್ಗ, ವೈಗಳ ವ್ಯತ್ಯಾಸದ ವರ್ಗ, ಕೂಡಿಸಿ ವರ್ಗಮೂಲ. ಪೈಥಾಗರಸ್ಸೇ.

ತಪ್ಪಾಗೋ ಜಾಗ: ಮೈನಸ್. (−2, 3) ಮತ್ತು (4, −5) ಮಧ್ಯದ ದೂರ ಕೇಳಿದ್ರೆ ವ್ಯತ್ಯಾಸ 4 − (−2) = 6, ಇನ್ನೊಂದು −5 − 3 = −8, ದೂರ √(36 + 64) = 10. ತುಂಬಾ ಜನ 4 − 2 = 2 ಅಂತ ಬರೆದು ಮುಂದೆ ಹೋಗ್ತಾರೆ. ಮೈನಸ್ ಇರೋ ಸಂಖ್ಯೆಗೆ ಯಾವಾಗ್ಲೂ ಬ್ರಾಕೆಟ್ ಹಾಕಿ, ಎರಡು ಸೆಕೆಂಡ್ ಜಾಸ್ತಿ ಹೋದ್ರೂ ಪರವಾಗಿಲ್ಲ.

ಮಧ್ಯಬಿಂದು ಬೇಕಾದ್ರೆ ಎಕ್ಸ್‌ಗಳ ಸರಾಸರಿ, ವೈಗಳ ಸರಾಸರಿ. ಹತ್ತನೇ ಕ್ಲಾಸಲ್ಲಿ ಮಾಡಿದೀರ, ಅದ್ರ ಬಗ್ಗೆ ಜಾಸ್ತಿ ಹೇಳಲ್ಲ.

ಹಂತ 2: ಇಳಿಜಾರು

ಇಳಿಜಾರು ಅಂದ್ರೆ ಸ್ಲೋಪ್, ಪುಸ್ತಕದಲ್ಲಿ ಎಂ ಅಂತ ಬರೀತಾರೆ. ಬಲಕ್ಕೆ ಒಂದು ಯೂನಿಟ್ ಸರಿದ್ರೆ ರೇಖೆ ಎಷ್ಟು ಏರತ್ತೆ ಅನ್ನೋದು. ವೈ ವ್ಯತ್ಯಾಸನ ಎಕ್ಸ್ ವ್ಯತ್ಯಾಸದಿಂದ ಭಾಗಿಸಿ. ಉತ್ತರ ಮೈನಸ್ ಬಂದ್ರೆ ರೇಖೆ ಬಲಕ್ಕೆ ಇಳೀತಾ ಇದೆ ಅಂತ. ಎರಡು ರೇಖೆ ಸಮಾಂತರ ಆದ್ರೆ ಇಳಿಜಾರು ಒಂದೇ, ಲಂಬ ಆದ್ರೆ ಎರಡರ ಗುಣಲಬ್ಧ −1.

ಇಲ್ಲಿ ಒಂದು ಎಚ್ಚರಿಕೆ, ಇದು ಮುಂದೆ ಹಂತ 6ರಲ್ಲಿ ಮತ್ತೆ ಬರತ್ತೆ. ನೆಟ್ಟಗೆ ನಿಂತ ರೇಖೆಗೆ, ಅಂದ್ರೆ ಎಕ್ಸ್ = 5 ಥರದ್ದಕ್ಕೆ, ಇಳಿಜಾರೇ ಇಲ್ಲ. ಇಳಿಜಾರು ಸೊನ್ನೆ ಅಂತ ಬರೆದ್ರೆ ತಪ್ಪು, ಸೊನ್ನೆ ಇರೋದು ಮಲಗಿರೋ ರೇಖೆಗೆ. ಎಕ್ಸ್ = 5 ಮತ್ತು ವೈ = 2 ಲಂಬವಾಗಿವೆ ಅನ್ನೋದು ಕಣ್ಣಿಗೇ ಕಾಣತ್ತೆ, ಆದ್ರೆ ಗುಣಲಬ್ಧ −1 ಅನ್ನೋ ನಿಯಮ ಅಲ್ಲಿ ಹಾಕೋಕೆ ಬರಲ್ಲ.

ಹಂತ 3: ರೇಖೆಯ ಸಮೀಕರಣ

ಪುಸ್ತಕದಲ್ಲಿ ಐದಾರು ರೂಪ ಕೊಟ್ಟಿರ್ತಾರೆ, ಮಕ್ಕಳು ಐದಾರನ್ನೂ ಉರು ಹೊಡೀತಾರೆ, ಯಾವಾಗ ಯಾವ್ದು ಅಂತ ಗೊತ್ತಾಗದೆ ಒದ್ದಾಡ್ತಾರೆ. ನನ್ನ ಪ್ರಕಾರ ಶುರುವಿನಲ್ಲಿ ಒಂದೇ ಸಾಕು: ಒಂದು ಬಿಂದು ಮತ್ತು ಇಳಿಜಾರು. ಎರಡು ಬಿಂದು ಕೊಟ್ಟಿದ್ರೆ ಮೊದ್ಲು ಇಳಿಜಾರು ತೆಗೀರಿ, ಅದೂ ಇದೇ ರೂಪಕ್ಕೆ ಬಂತು.

(1, 7), (4, 1) ಮೇಲೆ ಹೋಗೋ ರೇಖೆ ತಗೊಳ್ಳಿ. ಇಳಿಜಾರು (1 − 7)/(4 − 1) = −2. ಹಾಗಾಗಿ ವೈ − 7 = −2(ಎಕ್ಸ್ − 1), ಸರಿಸಿ ಬರೆದ್ರೆ 2ಎಕ್ಸ್ + ವೈ − 9 = 0. ಇಲ್ಲಿಗೆ ನಿಲ್ಲಿಸ್ಬೇಡಿ, ನೀವು ಬಳಸದೇ ಇರೋ ಬಿಂದು (4, 1) ಹಾಕಿ ನೋಡಿ: 8 + 1 − 9 = 0, ಸರಿ ಇದೆ. ಈ ಒಂದು ಸಾಲಿನ ಪರೀಕ್ಷೆ ಮಾಡೋ ಅಭ್ಯಾಸ ಇರೋ ಮಕ್ಕಳು ಈ ಪಾಠದಲ್ಲಿ ಮಾರ್ಕ್ಸ್ ಕಳ್ಕೊಳ್ಳೋದೇ ಅಪರೂಪ.

ಲಂಬ ರೇಖೆ ಬೇಕಾದ್ರೆ ಶಾರ್ಟ್‌ಕಟ್ ಇದೆ: ಎಕ್ಸ್, ವೈ ಮುಂದಿನ ಸಂಖ್ಯೆಗಳನ್ನ ಅದಲು ಬದಲು ಮಾಡಿ ಒಂದರ ಚಿಹ್ನೆ ಬದಲಿಸಿ. 2ಎಕ್ಸ್ + ವೈ − 9 = 0 ಗೆ ಲಂಬವಾದ ಯಾವ ರೇಖೆ ಆದ್ರೂ ಎಕ್ಸ್ − 2ವೈ + ಕೆ = 0 ಆಗಿರತ್ತೆ. ಅದು (4, 1) ಮೇಲೆ ಹೋಗ್ಬೇಕು ಅಂದ್ರೆ 4 − 2 + ಕೆ = 0, ಕೆ = −2.

ಅಂತಃಖಂಡ ರೂಪ, ಅಂದ್ರೆ ಇಂಟರ್‌ಸೆಪ್ಟ್ ಫಾರ್ಮ್, ರೇಖೆ ಎರಡು ಅಕ್ಷಗಳನ್ನ ಎಲ್ಲೆಲ್ಲಿ ಕಡಿಯತ್ತೆ ಅಂತ ಕೊಟ್ಟಾಗ ಅನುಕೂಲ. ಮೂಲಬಿಂದು ಮೇಲೇ ಹೋಗೋ ರೇಖೆಗೆ ಅದು ಕೆಲಸ ಮಾಡಲ್ಲ, ಸೊನ್ನೆಯಿಂದ ಭಾಗಿಸ್ಬೇಕಾಗತ್ತೆ.

ಹಂತ 4: ಬಿಂದುವಿಂದ ರೇಖೆಗೆ ಲಂಬದೂರ

ಇದೇ ಇಡೀ ಪಾಠದ ಬೆನ್ನುಮೂಳೆ, ಇಲ್ಲಿ ಆತುರ ಮಾಡ್ಬೇಡಿ.

ರೇಖೆ ಎ·ಎಕ್ಸ್ + ಬಿ·ವೈ + ಸಿ = 0 ಇದ್ರೆ, ಬಿಂದುವಿನ ಬೆಲೆಗಳನ್ನ ಎಡಗಡೆಗೆ ಹಾಕಿ, ಬಂದಿದ್ದರ ಚಿಹ್ನೆ ಬಿಟ್ಟು, √(ಎ² + ಬಿ²) ಇಂದ ಭಾಗಿಸಿ. ಭಾಗಿಸೋದು ಯಾಕೆ ಅಂತ ಕೇಳೋರು ಕಮ್ಮಿ, ಆದ್ರೆ ಕೇಳ್ಬೇಕು. ಹೀಗೆ ನೋಡಿ: 3ಎಕ್ಸ್ + 4ವೈ − 12 = 0 ಅನ್ನೋ ರೇಖೆ ಎಕ್ಸ್ ಅಕ್ಷನ 4ರಲ್ಲಿ, ವೈ ಅಕ್ಷನ 3ರಲ್ಲಿ ಕಡಿಯತ್ತೆ. ಮೂಲಬಿಂದು ಸೇರಿಸಿದ್ರೆ ಲಂಬಕೋನ ತ್ರಿಭುಜ ಆಯ್ತು, ವಿಕರ್ಣ 5, ವಿಸ್ತೀರ್ಣ 6. ಅದೇ ವಿಸ್ತೀರ್ಣನ ವಿಕರ್ಣ ಪಾದ ಅನ್ಕೊಂಡು ಲೆಕ್ಕ ಹಾಕಿದ್ರೆ ಎತ್ತರ = 2 × 6 / 5 = 12/5. ಆ ಎತ್ತರನೇ ಮೂಲಬಿಂದುವಿಂದ ರೇಖೆಗೆ ಲಂಬದೂರ. ಈಗ ಸೂತ್ರ ಹಾಕಿ: 12 / √(9 + 16) = 12/5. ಕೆಳಗಿನ 5 ಎಲ್ಲಿಂದ ಬಂತು ಅಂತ ಕಾಣ್ತಲ್ಲ, ಇನ್ನು ಇದು ಮರೆಯಲ್ಲ.

ತಪ್ಪಾಗೋ ಜಾಗ ಎರಡಿದೆ. ಮೊದಲ್ನೇದು, 3ಎಕ್ಸ್ + 4ವೈ = 12 ಅಂತ ಕೊಟ್ಟಿದ್ರೆ 12ನ್ನ ಈ ಕಡೆ ತರದೇ ಸೂತ್ರಕ್ಕೆ ಹಾಕೋದು. ಎಲ್ಲಾ ಒಂದೇ ಕಡೆ ತಂದು ಸೊನ್ನೆಗೆ ಸಮ ಮಾಡ್ಕೊಂಡೇ ಶುರು ಮಾಡಿ. ಎರಡನೇದು ಸಮಾಂತರ ರೇಖೆಗಳ ಮಧ್ಯದ ದೂರ. 3ಎಕ್ಸ್ + 4ವೈ − 5 = 0 ಮತ್ತು 6ಎಕ್ಸ್ + 8ವೈ + 10 = 0 ಕೊಟ್ರೆ ನೇರವಾಗಿ 10 − (−5) = 15 ಅಂತ ಮಾಡಿ 15/5 = 3 ಅಂತ ಬರೆದು ಬರ್ತಾರೆ. ಎರಡನೇ ಸಮೀಕರಣನ ಮೊದ್ಲು 2ರಿಂದ ಭಾಗಿಸಿ 3ಎಕ್ಸ್ + 4ವೈ + 5 = 0 ಮಾಡ್ಕೊಳ್ಳಿ, ಆಗ 10/5 = 2. ಆಯ್ಕೆಗಳಿರೋ ಪ್ರಶ್ನೇಲಿ ಆ ತಪ್ಪು 3ನ್ನ ಬೇಕಂತಲೇ ಒಂದು ಆಯ್ಕೆಯಾಗಿ ಇಟ್ಟಿರ್ತಾರೆ, ಹುಷಾರು.

ಹಂತ 5: ವೃತ್ತದ ಕೇಂದ್ರ, ತ್ರಿಜ್ಯ

ಫಸ್ಟ್ ಪಿಯುಸಿಲಿ ವೃತ್ತ ಬರೋದು ಕಾನಿಕ್ ಸೆಕ್ಷನ್ಸ್ ಪಾಠದ ಶುರುವಲ್ಲಿ. ವೃತ್ತ ಅಂದ್ರೆ ಒಂದು ಬಿಂದುವಿಂದ ಒಂದೇ ದೂರದಲ್ಲಿರೋ ಬಿಂದುಗಳೆಲ್ಲಾ, ಅಂದ್ರೆ ಹಂತ 1ರ ದೂರದ ಸೂತ್ರನೇ ವರ್ಗ ಮಾಡಿ ಬರೆದಿರೋದು. (ಎಕ್ಸ್ − 3)² + (ವೈ + 4)² = 36 ಅಂದ್ರೆ ಕೇಂದ್ರ (3, −4), ತ್ರಿಜ್ಯ 6. ಚಿಹ್ನೆ ಉಲ್ಟಾ ಆಗತ್ತೆ ಅನ್ನೋದು, 36ರ ವರ್ಗಮೂಲ ತೆಗೀಬೇಕು ಅನ್ನೋದು, ಎರಡೂ ನೆನಪಿರ್ಲಿ.

ಇದನ್ನೇ ಬಿಡಿಸಿ ಬರೆದ್ರೆ ಎಕ್ಸ್² + ವೈ² − 6ಎಕ್ಸ್ + 8ವೈ − 11 = 0. ಸಾಮಾನ್ಯ ರೂಪ ಎಕ್ಸ್² + ವೈ² + 2ಜಿ·ಎಕ್ಸ್ + 2ಎಫ್·ವೈ + ಸಿ = 0 ಜೊತೆ ಹೋಲಿಸಿದ್ರೆ ಜಿ = −3, ಎಫ್ = 4, ಸಿ = −11. ಕೇಂದ್ರ (−ಜಿ, −ಎಫ್) = (3, −4), ತ್ರಿಜ್ಯ √(ಜಿ² + ಎಫ್² − ಸಿ) = √(9 + 16 + 11) = 6. ಸಿ ಮೈನಸ್ ಇದ್ದಾಗ ಕಳೆಯೋದು ಕೂಡೋದಾಗತ್ತೆ, ಇಲ್ಲೇ ಜಾಸ್ತಿ ಜನ ಜಾರೋದು.

ಎಕ್ಸ್² ಮುಂದೆ 2 ಅಥವಾ 3 ಇದ್ರೆ ಮೊದ್ಲು ಇಡೀ ಸಮೀಕರಣನ ಅದರಿಂದ ಭಾಗಿಸಿ. ಆಮೇಲೆ ವರ್ಗಮೂಲದೊಳಗೆ ಏನು ಬಂತು ನೋಡಿ. ಎಕ್ಸ್² + ವೈ² + 2ಎಕ್ಸ್ + 4ವೈ + 9 = 0 ಗೆ 1 + 4 − 9 = −4 ಬರತ್ತೆ, ಅಂದ್ರೆ ಅಂಥಾ ವೃತ್ತನೇ ಇಲ್ಲ. ಸೊನ್ನೆ ಬಂದ್ರೆ ಬರೀ ಒಂದು ಬಿಂದು.

ಮೂರು ಬಿಂದು ಕೊಟ್ಟು ಅವುಗಳ ಮೇಲೆ ಹೋಗೋ ವೃತ್ತ ಕೇಳಿದ್ರೆ ತಕ್ಷಣ ಮೂರು ಸಮೀಕರಣ ಬರೆಯೋಕೆ ಹೋಗ್ಬೇಡಿ. ಚಿತ್ರ ಬರೆದು ಲಂಬಕೋನ ಇದ್ಯಾ ನೋಡಿ. (0, 0), (8, 0), (0, 6) ಕೊಟ್ರೆ ಮೂಲಬಿಂದುವಲ್ಲಿ 90 ಡಿಗ್ರಿ ಇದೆ, ಹಾಗಾಗಿ ಇನ್ನೆರಡು ಬಿಂದು ಸೇರಿಸೋ ಗೆರೆನೇ ವ್ಯಾಸ, ಕೇಂದ್ರ ಅದರ ಮಧ್ಯಬಿಂದು (4, 3), ತ್ರಿಜ್ಯ 5. ಅರ್ಧ ನಿಮಿಷ. ಲಂಬಕೋನ ಇಲ್ಲಾಂದ್ರೆ ಸಾಮಾನ್ಯ ರೂಪಕ್ಕೆ ಮೂರೂ ಬಿಂದು ಹಾಕಿ ಜಿ, ಎಫ್, ಸಿ ಬಿಡಿಸಿ, ಬೇರೆ ದಾರಿ ಹುಡುಕ್ತಾ ಟೈಮ್ ಕಳೀಬೇಡಿ.

ಹಂತ 6: ರೇಖೆಯೂ ವೃತ್ತವೂ ಸೇರಿದಾಗ

ಮತ್ತೆ ತೋಟಕ್ಕೆ ಬನ್ನಿ. (5, 4)ರಲ್ಲಿ ಒಂದು ಸ್ಪ್ರಿಂಕ್ಲರ್ ಇದೆ, 3 ಯೂನಿಟ್ ದೂರದವರೆಗೆ, ಅಂದ್ರೆ 27 ಅಡಿವರೆಗೆ ನೀರು ಹಾರಿಸತ್ತೆ. ತೋಟದಲ್ಲಿ ಓರೆಯಾಗಿ ಮೂರು ಉದ್ದನೇ ಹಗ್ಗ ಕಟ್ಟಿದೀವಿ, ಮೂರೂ ಸಮಾಂತರ. ಯಾವ ಹಗ್ಗ ಒದ್ದೆ ಆಗತ್ತೆ?

ಮೊದಲ ಹಗ್ಗ 3ಎಕ್ಸ್ + 4ವೈ − 21 = 0. ಕೇಂದ್ರದಿಂದ ದೂರ (15 + 16 − 21)/5 = 2. ತ್ರಿಜ್ಯ 3ಕ್ಕಿಂತ ಕಮ್ಮಿ, ಹಾಗಾಗಿ ಹಗ್ಗ ವೃತ್ತನ ಎರಡು ಕಡೆ ಕಡಿಯತ್ತೆ. ಒದ್ದೆ ಆಗೋ ಭಾಗ ಜ್ಯಾ, ಅಂದ್ರೆ ಕಾರ್ಡ್. ಕೇಂದ್ರದಿಂದ ಬಿಟ್ಟ ಲಂಬ ಜ್ಯಾನ ಸಮವಾಗಿ ಅರ್ಧ ಮಾಡತ್ತೆ, ಅದಕ್ಕೆ ಜ್ಯಾ ಉದ್ದ 2√(9 − 4) = 2√5, ಅಡಿ ಲೆಕ್ಕದಲ್ಲಿ ಸುಮಾರು 40 ಅಡಿ.

ಎರಡನೇ ಹಗ್ಗ 3ಎಕ್ಸ್ + 4ವೈ − 16 = 0. ದೂರ 15/5 = 3, ತ್ರಿಜ್ಯಕ್ಕೆ ಸರಿಸಮ. ಒಂದೇ ಬಿಂದುವಲ್ಲಿ ತಾಗತ್ತೆ, ಇದು ಸ್ಪರ್ಶಕ, ಅಂದ್ರೆ ಟ್ಯಾಂಜೆಂಟ್.

ಮೂರನೇದು 3ಎಕ್ಸ್ + 4ವೈ − 6 = 0. ದೂರ 25/5 = 5. ನೀರು ಮುಟ್ಟಲ್ಲ, ಹಗ್ಗದ ಹತ್ತಿರದ ಜಾಗಕ್ಕೂ ನೀರಿನ ಅಂಚಿಗೂ 2 ಯೂನಿಟ್ ಅಂತರ ಉಳಿಯತ್ತೆ.

ಇದೇ ಮೂರನ್ನ ರೇಖೆಯ ಸಮೀಕರಣದಿಂದ ವೈ ತೆಗೆದು ವೃತ್ತಕ್ಕೆ ಹಾಕಿ ವರ್ಗಸಮೀಕರಣ ಮಾಡಿ ಶೋಧಕ, ಅಂದ್ರೆ ಡಿಸ್ಕ್ರಿಮಿನಂಟ್ ನೋಡಿನೂ ಹೇಳಬಹುದು, ತಪ್ಪೇನಿಲ್ಲ, ಆದ್ರೆ ಭಿನ್ನರಾಶಿಗಳ ರಾಶಿನೇ ಬಂದು ಕೂರತ್ತೆ. ಕಡಿಯೋ ಬಿಂದುಗಳೇ ಬೇಕು ಅಂತ ಕೇಳಿದ್ರೆ ಮಾತ್ರ ಆ ದಾರಿ ಹಿಡೀರಿ.

ಸ್ಪರ್ಶಕದ ಸಮೀಕರಣ ಕೇಳಿದ್ರೂ ವಿಚಾರ ಅದೇ, ದೂರ = ತ್ರಿಜ್ಯ ಅಂತ ಬರೀರಿ. ಈ ವೃತ್ತಕ್ಕೆ 3ಎಕ್ಸ್ + 4ವೈ ಥರದ್ದೇ ಸ್ಪರ್ಶಕಗಳು ಬೇಕು ಅಂದ್ರೆ 3ಎಕ್ಸ್ + 4ವೈ + ಕೆ = 0 ಅಂತ ಇಟ್ಕೊಂಡು 31 + ಕೆ = 15 ಅಥವಾ −15, ಕೆ = −16 ಅಥವಾ −46. ಎರಡು ಸ್ಪರ್ಶಕ ಇರ್ಲೇಬೇಕು, ವೃತ್ತದ ಆ ಕಡೆ ಒಂದು, ಈ ಕಡೆ ಒಂದು. ಒಂದೇ ಬರೆದು ಪೆನ್ ಕೆಳಗಿಟ್ರೆ ಅರ್ಧ ಉತ್ತರ.

ವೃತ್ತದ ಮೇಲಿನ ಬಿಂದುವಲ್ಲೇ ಸ್ಪರ್ಶಕ ಕೇಳಿದ್ರೆ ಇನ್ನೂ ಸುಲಭ, ತ್ರಿಜ್ಯಕ್ಕೆ ಸ್ಪರ್ಶಕ ಲಂಬ. ಎಕ್ಸ್² + ವೈ² = 25 ಗೆ (3, 4)ರಲ್ಲಿ ಸ್ಪರ್ಶಕ 3ಎಕ್ಸ್ + 4ವೈ = 25.

ಹೊರಗಿನ ಬಿಂದುವಿಂದ ಎಳೆಯೋ ಸ್ಪರ್ಶಕಗಳಲ್ಲಿ ಮಾತ್ರ ಒಂದು ಗುಂಡಿ ಇದೆ, ಅದಕ್ಕೆ ಬಿದ್ದೋರು ಬಹಳ. ಎಕ್ಸ್² + ವೈ² = 25 ಗೆ (7, 1)ರಿಂದ ಸ್ಪರ್ಶಕ ತಗೊಳ್ಳಿ. ರೇಖೆ ವೈ − 1 = ಎಂ(ಎಕ್ಸ್ − 7), ಕೇಂದ್ರದಿಂದ ದೂರ 5 ಅಂತ ಹಾಕಿ ವರ್ಗ ಮಾಡಿದ್ರೆ (1 − 7ಎಂ)² = 25(1 + ಎಂ²), ಅಂದ್ರೆ 12ಎಂ² − 7ಎಂ − 12 = 0, ಎಂ = 4/3 ಅಥವಾ −3/4. ಎರಡು ಬೆಲೆ, ಎರಡು ಸ್ಪರ್ಶಕ, ಗುಣಲಬ್ಧ −1 ಇರೋದ್ರಿಂದ ಪರಸ್ಪರ ಲಂಬ ಕೂಡ. ಚೆನ್ನಾಗಿ ಬಂತು.

ಈಗ ಅದೇ ವೃತ್ತಕ್ಕೆ (5, 10)ರಿಂದ ಮಾಡಿ. (10 − 5ಎಂ)² = 25(1 + ಎಂ²). ಬಿಡಿಸಿದ್ರೆ ಎರಡೂ ಕಡೆ 25ಎಂ² ಹೊಡೆದುಹೋಗಿ ಎಂ = 3/4 ಅಂತ ಒಂದೇ ಉತ್ತರ ಉಳಿಯತ್ತೆ. ಎರಡನೇ ಸ್ಪರ್ಶಕ ಎಲ್ಲಿ ಹೋಯ್ತು? ಅದು ನೆಟ್ಟಗೆ ನಿಂತಿದೆ, ಎಕ್ಸ್ = 5. ನೆಟ್ಟಗಿರೋ ರೇಖೆಗೆ ಇಳಿಜಾರು ಇಲ್ಲ ಅಂತ ಹಂತ 2ರಲ್ಲಿ ಹೇಳಿದ್ನಲ್ಲ, ಎಂ ಇಟ್ಕೊಂಡು ಹುಡುಕಿದ್ರೆ ಅದು ಸಿಗೋದಾದ್ರೂ ಹೆಂಗೆ. ಹೊರಗಿನ ಬಿಂದುವಿಂದ ಯಾವಾಗ್ಲೂ ಎರಡು ಸ್ಪರ್ಶಕ, ಎಂ² ಮಾಯ ಆಗಿ ಒಂದೇ ಬೆಲೆ ಬಂತು ಅಂದ್ರೆ ಇನ್ನೊಂದು ನೆಟ್ಟಗಿದೆ ಅಂತಲೇ ಅರ್ಥ. ಒರಟಾಗಿ ಒಂದು ಚಿತ್ರ ಬರೆದಿದ್ರೆ ಇದು ಮೊದ್ಲೇ ಕಾಣ್ತಿತ್ತು.

ಸ್ಪರ್ಶಕದ ಉದ್ದ ಮಾತ್ರ ಕೇಳಿದ್ರೆ ಇಷ್ಟೆಲ್ಲಾ ಬೇಡ, ಬಿಂದುವನ್ನ ವೃತ್ತದ ಸಮೀಕರಣದ ಎಡಗಡೆಗೆ ಹಾಕಿ ವರ್ಗಮೂಲ ತೆಗೀರಿ. (7, 1)ರಿಂದ √(49 + 1 − 25) = 5.

ಹಂತ 7: ಎರಡು ವೃತ್ತ

ಇದನ್ನ ಬೇಗ ಮುಗಿಸ್ತೀನಿ. ಎರಡೂ ಕೇಂದ್ರಗಳ ಮಧ್ಯದ ದೂರ ತೆಗೆದು ತ್ರಿಜ್ಯಗಳ ಮೊತ್ತ, ವ್ಯತ್ಯಾಸದ ಜೊತೆ ಹೋಲಿಸಿ. ಮೊತ್ತಕ್ಕಿಂತ ಜಾಸ್ತಿ ಇದ್ರೆ ದೂರ ದೂರ ಇದಾವೆ, ಸಾಮಾನ್ಯ ಸ್ಪರ್ಶಕ, ಅಂದ್ರೆ ಎರಡೂ ವೃತ್ತಕ್ಕೆ ತಾಗೋ ಸ್ಪರ್ಶಕ, 4. ಮೊತ್ತಕ್ಕೆ ಸಮ ಆದ್ರೆ ಹೊರಗಿಂದ ತಾಗ್ತವೆ, 3. ಮೊತ್ತ ಮತ್ತು ವ್ಯತ್ಯಾಸದ ಮಧ್ಯೆ ಇದ್ರೆ ಕಡೀತವೆ, 2. ವ್ಯತ್ಯಾಸಕ್ಕೆ ಸಮ ಆದ್ರೆ ಒಳಗಿಂದ ತಾಗ್ತವೆ, 1. ಅದಕ್ಕಿಂತಲೂ ಕಮ್ಮಿ ಇದ್ರೆ ಒಂದರೊಳಗೊಂದು, ಸ್ಪರ್ಶಕ ಇಲ್ಲ.

ಸಾಮಾನ್ಯ ಜ್ಯಾ, ಅಂದ್ರೆ ಎರಡು ವೃತ್ತ ಕಡಿಯೋ ಬಿಂದುಗಳನ್ನ ಸೇರಿಸೋ ಗೆರೆ, ಬೇಕಾದ್ರೆ ಒಂದು ಸಮೀಕರಣದಿಂದ ಇನ್ನೊಂದನ್ನ ಕಳೆಯಿರಿ, ಆದ್ರೆ ಎರಡರಲ್ಲೂ ಎಕ್ಸ್² ಮುಂದೆ 1 ಮಾಡ್ಕೊಂಡ ಮೇಲೆ. ಕಳೆದಾಗ ಯಾವಾಗ್ಲೂ ಒಂದು ರೇಖೆ ಬರತ್ತೆ, ಕೇಂದ್ರ ಒಂದೇ ಆಗಿದ್ರೆ ಮಾತ್ರ ಬರಲ್ಲ. ರೇಖೆ ಬಂತು ಅಂದ ಮಾತ್ರಕ್ಕೆ ವೃತ್ತಗಳು ಕಡೀತಾವೆ ಅಂತಲ್ಲ, ಅದನ್ನ ಕೇಂದ್ರಗಳ ದೂರನೇ ಹೇಳ್ಬೇಕು.

ಹಂತ 8: ಅಭ್ಯಾಸ ಮತ್ತು ಪರೀಕ್ಷೆ

ಬೋರ್ಡ್ ಪರೀಕ್ಷೇಲಿ ಸೂತ್ರ ಬರೆದು ಬೆಲೆ ಹಾಕಿದ ಸಾಲಿಗೂ ಮಾರ್ಕ್ಸ್ ಇರತ್ತೆ, ಮನಸಲ್ಲೇ ಮಾಡಿ ಉತ್ತರ ಮಾತ್ರ ಬರೀಬೇಡಿ. ಸಿಇಟಿಲಿ ಕಥೆ ಬೇರೆ, ಗಣಿತಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ತಪ್ಪಿಗೆ ಮಾರ್ಕ್ಸ್ ಕಡಿತ ಇಲ್ಲ. ಅಲ್ಲಿ ಆಯ್ಕೆಗಳಿಂದಲೇ ಹಿಂದಕ್ಕೆ ಬನ್ನಿ: ಕೊಟ್ಟ ಬಿಂದು ಯಾವ ಆಯ್ಕೆಯ ಸಮೀಕರಣಕ್ಕೆ ಕೂರತ್ತೆ ಅಂತ ಹಾಕಿ ನೋಡಿದ್ರೆ ಎಷ್ಟೋ ಸಲ ಎರಡು ಮೂರು ಆಯ್ಕೆ ಅಲ್ಲೇ ಬಿದ್ದುಹೋಗ್ತವೆ.

ದಿನಕ್ಕೆ ನಾಲ್ಕೈದು ಲೆಕ್ಕ ಸಾಕು, ಪ್ರತಿಯೊಂದಕ್ಕೂ ಚಿತ್ರ ಬರೀರಿ. ಶುರು ಮಾಡೋಕೆ ನಾಲ್ಕು ಕೊಡ್ತೀನಿ, ಉತ್ತರ ಕೈಯಿಂದ ಮುಚ್ಕೊಂಡು ಮಾಡಿ.

ಒಂದು: (−1, 2)ರಿಂದ 5ಎಕ್ಸ್ − 12ವೈ + 3 = 0 ಗೆ ಎಷ್ಟು ದೂರ? ಉತ್ತರ 2.

ಎರಡು: ಎಕ್ಸ್² + ವೈ² + 4ಎಕ್ಸ್ − 10ವೈ + 20 = 0 ರ ಕೇಂದ್ರ, ತ್ರಿಜ್ಯ? ಉತ್ತರ (−2, 5) ಮತ್ತು 3.

ಮೂರು: ಎಕ್ಸ್² + ವೈ² − 2ಎಕ್ಸ್ − 4ವೈ − 20 = 0 ವೃತ್ತದಲ್ಲಿ 3ಎಕ್ಸ್ + 4ವೈ + 4 = 0 ಕಡಿಯೋ ಜ್ಯಾ ಉದ್ದ? ಉತ್ತರ 8.

ನಾಲ್ಕು: ಅದೇ ವೃತ್ತಕ್ಕೆ (6, 12)ರಿಂದ ಎಳೆದ ಸ್ಪರ್ಶಕಗಳು? 3ಎಕ್ಸ್ − 4ವೈ + 30 = 0 ಬಂತಾ? ಇನ್ನೊಂದು ಎಕ್ಸ್ = 6. ಅದು ಬರದೇ ಇದ್ರೆ ಹಂತ 6ರ ಕೊನೆ ಭಾಗನ ಗ್ರಾಫ್ ಶೀಟ್ ಮುಂದಿಟ್ಕೊಂಡು ಇನ್ನೊಂದ್ಸಲ ಓದಿ.